ಮಂದಿ ಎಂಬ ಫೈಲು

"ಏನವ್ವಾ ಭುವನಾ, ನಿಮ್ಮ ಕಂಪ್ಯೂಟರಿಗೆ ನನ್ನ ಹೆಸರು ಸಾಲಂಗಿಲ್ಲಂತಲ್ಲ!"

ಫೋನಿನಲ್ಲಿ ದೊಡ್ಡವ್ವನ ದನಿ ಏದುಸಿರಿನ ನಡುವೆ ತುಂಡುತುಂಡಾಗಿ ಬರುತ್ತಿತ್ತು. ಭುವನೇಶ್ವರಿಯ ಕೈಯಲ್ಲಿ ಇನ್ನೂ ಬಾಯಿಗಿಡದ ಪೇಢೆಯೊಂದಿತ್ತು. ಮೂರು ತಿಂಗಳು ಎಂಟು ಜನ ಕೂತು ಕಟ್ಟಿದ ವೆಬ್‌ಸೈಟು ಆ ಬೆಳಿಗ್ಗೆ ಶುರುವಾಗಿತ್ತು. ಮಾಲೀಕ ವಿದ್ಯಾಧೀಶ ತಾನೇ ಡಬ್ಬಿ ಹಿಡಿದು ಒಂದೊಂದು ಮೇಜಿಗೂ ಹೋಗಿ ಪೇಢೆ ಹಂಚುತ್ತಿದ್ದ. ಹೊಸಪೇಟೆಯ ಟಿ.ಬಿ. ಡ್ಯಾಂ ರಸ್ತೆಯ ಆ ಎರಡನೆಯ ಮಹಡಿಯ ಆಫೀಸಿನಲ್ಲಿ ಅಷ್ಟು ನಗು ಕೇಳಿ ಬಹಳ ದಿನವಾಗಿತ್ತು.

"ಯಾಕ ದೊಡ್ಡವ್ವಾ, ಏನಾತು?"

"ಏನಾತಂದ್ರ? ಆರಕ್ಕ ಬಂದು ಸಂಡೂರಾಗ ಪಾಳೆ ಹಚ್ಚಿ ನಿಂತೀನಿ. ನನ್ನ ಪಾಳೆ ಬಂದಾಗ ಆ ಕಂಪ್ಯೂಟರಿನಾತ ಅಡ್ಡಹೆಸರು ಏನಂತ ಕೇಳಿದ. ಜಂಬವ್ವ ಅಂದೆ. ಅದು ಹೆಸರು, ಅಡ್ಡಹೆಸರು ಹೇಳಮ್ಮ ಅಂದ. ನನಗೆಲ್ಲೈತಿ ಅಡ್ಡಹೆಸರು? ಜಂಬವ್ವ ಅಂದ್ರ ಜಂಬವ್ವ..." ಕೆಮ್ಮು ಬಂದು ಮಾತನ್ನು ನುಂಗಿತು. ಸ್ವಲ್ಪ ಹೊತ್ತು ಅದೊಂದೇ ಕೇಳಿಸಿತು. "ನಮ್ಮ ಓಣಿ ಉಚ್ಚೆಂಗಮ್ಮಗೂ ಹಂಗ ಆತು. ನಮ್ಮನ್ನೆಲ್ಲ ಆಕಡಿ ಕುಂದ್ರಿಸ್ಯಾರ. ನೀ ಅದರಾಗನ ಕೆಲಸ ಮಾಡ್ತೀಯಲ್ಲ, ಒಂದು ಮಾತು ಹೇಳವ್ವ ಇವರಿಗೆ."

ಭುವನೇಶ್ವರಿ ಪೇಢೆಯನ್ನು ಕೀಬೋರ್ಡಿನ ಪಕ್ಕಕ್ಕಿಟ್ಟಳು. "ಅಲ್ಲೇ ಇರು" ಅನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ಆ ಫೋನೂ ದೊಡ್ಡವ್ವನದಲ್ಲ. ಅವಳ ಓಣಿಯಲ್ಲಿ ಟಂಟಂ ಆಟೊ ಓಡಿಸುವ ಯಲ್ಲೇಶನದು.

ಜಂಬವ್ವ ಭುವನೇಶ್ವರಿಯ ತಾಯಿಯ ಅಕ್ಕ. ಸಂಡೂರಿನ ಸುತ್ತಿನ ಗಣಿಗಳಲ್ಲಿ ಹದಿನೆಂಟು ವರ್ಷ ಅದಿರಿನ ಕಲ್ಲು ಒಡೆದು, ಆರಿಸಿ, ಬುಟ್ಟಿ ಹೊತ್ತವಳು. ಈಗ ಆರು ವರ್ಷದಿಂದ ಮನೆಯ ಹೊಸ್ತಿಲಿಂದ ನಲ್ಲಿಯವರೆಗೆ ಹೋಗಬೇಕಾದರೆ ನಡುವೆ ಎರಡು ಸಲ ನಿಲ್ಲಬೇಕು. ಅಂಥವರಿಗಾಗಿಯೇ ಹೊಸಪೇಟೆಯ ಒಂದು ಟ್ರಸ್ಟು ಸಂಡೂರಿನಲ್ಲಿ ಮೂರು ದಿನದ ಶಿಬಿರ ಇಟ್ಟಿತ್ತು. ಶ್ವಾಸಕೋಶದ ಪರೀಕ್ಷೆ ಮಾಡುವ ಯಂತ್ರ ತಂದಿದ್ದರು, ಬಳ್ಳಾರಿಯಿಂದ ಡಾಕ್ಟರು ಬಂದಿದ್ದರು. ಕಾಯಿಲೆ ಇದ್ದವರಿಗೆ ವರ್ಷವಿಡೀ ಔಷಧಿಯ ಕಾರ್ಡು ಸಿಗುತ್ತಿತ್ತು. ಆದರೆ ಮೊದಲು ವೆಬ್‌ಸೈಟಿನಲ್ಲಿ ಹೆಸರು ಹತ್ತಬೇಕು. ಹತ್ತಿದರೆ ಚೀಟಿ, ಚೀಟಿ ಇದ್ದರೆ ಯಂತ್ರ.

ಆ ವೆಬ್‌ಸೈಟು ಸರಿಯಾಗಿ ನಡೆಯುತ್ತದೋ ಇಲ್ಲವೋ ನೋಡುವುದೇ ಭುವನೇಶ್ವರಿಯ ಕೆಲಸ. ಅವಳು ಜಾವಾಸ್ಕ್ರಿಪ್ಟಿನಲ್ಲಿ ಬರೆದಿಟ್ಟ ಪರೀಕ್ಷೆಯನ್ನು ಓಡಿಸಿದರೆ ಬ್ರೌಸರು ತಾನಾಗಿ ತೆರೆದುಕೊಳ್ಳುತ್ತಿತ್ತು. ಒಂದು ಫೈಲಿನಿಂದ ಒಬ್ಬೊಬ್ಬರ ಹೆಸರು, ಹುಟ್ಟಿದ ತಾರೀಖು, ಮೊಬೈಲು ನಂಬರು ಎತ್ತಿಕೊಂಡು, ಯಾರೋ ಕಾಣದವರು ಕೂತು ಒತ್ತುತ್ತಿರುವ ಹಾಗೆ ಫಾರ್ಮು ತುಂಬುತ್ತಿತ್ತು. ಸೈಟು ಒಪ್ಪಿಕೊಂಡರೆ ಹಸಿರು, ಒಲ್ಲೆ ಅಂದರೆ ಕೆಂಪು. ಅವಳು ಕೆಲಸಕ್ಕೆ ಸೇರುವ ಮೊದಲೇ ಆಫೀಸಿನಲ್ಲಿ ಒಂದು ಫೈಲಿತ್ತು. ಅದರಲ್ಲಿ ಹನ್ನೆರಡು ಜನ. ರಾಹುಲ್ ಶರ್ಮಾ, ನೇಹಾ ವರ್ಮಾ, ಇಂಥವರು. ಎಲ್ಲರಿಗೂ ಅಡ್ಡಹೆಸರು ಇತ್ತು, ಹುಟ್ಟಿದ ದಿನ ಗೊತ್ತಿತ್ತು, ತಲೆಗೊಂದು ಮೊಬೈಲಿತ್ತು. ಎಲ್ಲಿಂದಲೋ ಯಾರೋ ಇಳಿಸಿಕೊಂಡ ಆ ಹನ್ನೆರಡು ಜನ ಭೂಮಿಯ ಮೇಲೆ ಹುಟ್ಟಿದವರೇ ಅಲ್ಲ. ಅವರಲ್ಲಿ ಯಾರಿಗೂ ಕೆಮ್ಮಿರಲಿಲ್ಲ.

ಮೂರು ವಾರದ ಹಿಂದೆ, ಪಾಪಿನಾಯಕನಹಳ್ಳಿಯ ತನ್ನ ಮನೆಯಲ್ಲಿ ರೊಟ್ಟಿ ತಿನ್ನುತ್ತ ಕೂತಾಗ, ಅವಳಿಗೆ ಇದು ಹೊಳೆದಿತ್ತು. ಸಂಡೂರಿನ ಆ ಪಾಳೆಯಲ್ಲಿ ಶರ್ಮಾ ಯಾರು ನಿಲ್ಲುತ್ತಾರೆ? ಆ ಭಾನುವಾರವೇ ಅವಳು ಹೊಸ ಫೈಲು ಮಾಡಿದಳು. ಅದಕ್ಕೆ ಮಂದಿ ಎಂದು ಹೆಸರಿಟ್ಟಳು. ಅರವತ್ತು ಜನ. ಮೊದಲು ನೆನಪಾದದ್ದೇ ದೊಡ್ಡವ್ವ: ಹೆಸರು ಜಂಬವ್ವ, ಅಡ್ಡಹೆಸರು ಖಾಲಿ, ಹುಟ್ಟಿದ ತಾರೀಖು ಖಾಲಿ, ವಯಸ್ಸು ಅರವತ್ತು ಇರಬಹುದು. ಆಮೇಲೆ ಹಂಪಕ್ಕ, ಮುದುಕಪ್ಪ, ಪಾಲಪ್ಪ. ಮೊಬೈಲು ನಂಬರು ಮಾತ್ರ ಸುಳ್ಳು ಹಾಕಿದಳು, ಆದರೆ ಒಂದು ಓಣಿಯ ಹನ್ನೊಂದು ಹೆಂಗಸರಿಗೆ ಒಂದೇ ನಂಬರು; ಅದು ಇದ್ದದ್ದೇ ಹಾಗೆ. ಸೋಮವಾರ ಪರೀಕ್ಷೆ ಓಡಿಸಿದಾಗ ಅರವತ್ತರಲ್ಲಿ ನಲವತ್ತೊಂಬತ್ತು ಕೆಂಪು ಬಂದವು. ಮೊದಲನೆಯ ಕೆಂಪು ಸಾಲೇ ಜಂಬವ್ವ.

ವಿದ್ಯಾಧೀಶನನ್ನು ಕರೆದು ತೋರಿಸಿದಳು. ಅವನು ಪರದೆಯನ್ನು ಬಹಳ ಹೊತ್ತು ನೋಡಿ ಕತ್ತು ಉಜ್ಜಿಕೊಂಡಿದ್ದ.

"ಭುವನಾ, ಶುಕ್ರವಾರ ಟ್ರಸ್ಟಿನವರಿಗೆ ತೋರಿಸೋದದ. ಇಷ್ಟು ಕೆಂಪು ನೋಡಿದ್ರ ಶಿಬಿರನ ಮುಂದಕ್ಕ ಹಾಕ್ತಾರ. ಈಗ ಹಳೇ ಫೈಲೇ ಇರಲಿ. ಮೊದಲು ಶುರು ಆಗಲಿ, ಆಮ್ಯಾಲೆ ಕೂತು ಸರಿ ಮಾಡೋಣ."

ಅವಳು ಫೈಲಿನ ಹೆಸರಿದ್ದ ಒಂದು ಸಾಲನ್ನು ತಿದ್ದಿದಳು. ಮಂದಿ ಅಳಿಸಿ ಹಳೆಯ ಹೆಸರು ಹಾಕಿದಳು. ಹನ್ನೆರಡಕ್ಕೆ ಹನ್ನೆರಡೂ ಹಸಿರು ಬಂತು. ಆಮೇಲೆ ಸೈಟಿನ ಕೋಡು ಬರೆಯುವ ಅಪೇಕ್ಷಾಳ ಜೊತೆ ಕೆಳಗಿಳಿದು ಹೋಗಿ ಮಿರ್ಚಿ ಬಜ್ಜಿ ತಿಂದು ಬಂದಿದ್ದಳು. 'ಆಮ್ಯಾಲೆ' ಬರಲೇ ಇಲ್ಲ.

ಈಗ ವಿದ್ಯಾಧೀಶನ ಫೋನು ರಿಂಗಾಯಿತು. ಆ ಕಡೆ ಟ್ರಸ್ಟಿನ ಶಿಬಿರ ನೋಡಿಕೊಳ್ಳುವ ಶ್ರೀಲಕ್ಷ್ಮೀ ಮೇಡಂ ಎಂದು ಅವನು ಮಾತು ಶುರು ಮಾಡಿದ ರೀತಿಯಲ್ಲೇ ತಿಳಿಯಿತು.

"ಇಲ್ಲ ಮೇಡಂ, ಸೈಟಿನೊಳಗ ಏನೂ ತೊಂದರೆ ಇಲ್ಲ. ರಿಪೋರ್ಟು ಕಳಿಸೀನಲ್ಲ, ಎಲ್ಲಾ ಹಸಿರು ಅದ. ನಿಮ್ಮ ಆಪರೇಟರಿಗೆ ತುಂಬಲಿಕ್ಕೆ ಬರ್ತಿರಲಿಕ್ಕಿಲ್ಲ. ಹೊಸಬ ಅಲ್ಲೇನು? ಸ್ವಲ್ಪ ತಿಳಿಸಿ ಹೇಳ್ರಿ ಅವಗ."

ಭುವನೇಶ್ವರಿಗೆ ಕಿವಿಯಿಂದ ಬೆಂಕಿ ಹೊರಟಂತಾಯಿತು. ಅವನು ಫೋನು ಇಡುವುದನ್ನೇ ಕಾಯುತ್ತಿದ್ದವಳು ಎದ್ದು ಅವನ ಮೇಜಿನ ಮುಂದೆ ನಿಂತಳು.

"ಆಪರೇಟರ್ ಏನು ತಪ್ಪು ಮಾಡ್ಯಾನ ಸರ್?"

"ಇದು ಆ ಮಾತಿನ ಹೊತ್ತಲ್ಲ, ಭುವನಾ."

"ಮೂರು ವಾರದ ಹಿಂದೂ ಹಂಗ ಅಂದ್ರಿ. ನಮ್ಮ ದೊಡ್ಡವ್ವ ಅಲ್ಲಿ ನೆಲದ ಮ್ಯಾಲೆ ಕುಂತಾಳ. ಅಕಿ ಹೆಸರು ಕೆಂಪು ಬಂದಿದ್ದು ನಿಮಗ ನಾನ ತೋರಿಸೀನಿ."

"ಫಾರ್ಮು ಟ್ರಸ್ಟಿನವರು ಒಪ್ಪಿ ಕೊಟ್ಟದ್ದು. ಅಡ್ಡಹೆಸರು, ತಾರೀಖು, ಮೊಬೈಲು ಎಲ್ಲಾ ಕಡ್ಡಾಯ ಅಂತ ಅವರೇ ಅಂದಾರ."

"ಅವರಿಗೆ ತೋರಿಸಿದ್ದು ಯಾವ ಫೈಲು?"

ಅಪೇಕ್ಷಾ ತಲೆ ಎತ್ತಲಿಲ್ಲ. ವಿದ್ಯಾಧೀಶ ಡಬ್ಬಿಯ ಮುಚ್ಚಳ ಹಾಕಿ, ದನಿ ತಗ್ಗಿಸಿ ಹೇಳಿದ:

"ಬದಲಿಸಿದ್ದು ನಿನ್ನ ಕೈ. ನಾ ಏನು ನಿನ್ನ ಕೈ ಹಿಡಿದು ಬರಸಿದ್ನೇನು?"

ಬೇರೆ ಯಾವ ಮಾತು ಆಡಿದ್ದರೂ ಅವಳು ತಿರುಗಿ ಹತ್ತು ಮಾತು ಆಡುತ್ತಿದ್ದಳು. ಈ ಮಾತು ಕೇಳಿ ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು.

ಸಂಡೂರಿನ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ತಾಡಪತ್ರಿ ಮುಚ್ಚಿದ ಅದಿರು ಲಾರಿಗಳು ಎದುರಿಗೆ ಒಂದರ ಹಿಂದೆ ಒಂದು ಬರುತ್ತಿದ್ದವು. ದಾರಿಯುದ್ದಕ್ಕೂ ಅವಳು ಮನಸ್ಸಿನಲ್ಲೇ ವಿದ್ಯಾಧೀಶನನ್ನು ಬೈದಳು. ಅವನ ಪೇಢೆಯ ಡಬ್ಬಿಯನ್ನು, ಕತ್ತು ಉಜ್ಜಿಕೊಳ್ಳುವ ಆ ಕೈಯನ್ನು, 'ಆಮ್ಯಾಲೆ' ಎಂಬ ಮಾತನ್ನು ಬೈದಳು. ಬೈದು ಮುಗಿದ ಮೇಲೆ ಮಿರ್ಚಿ ನೆನಪಾಯಿತು. ಫೈಲು ಬದಲಿಸಿದ ಆ ದಿನ ಎರಡು ಮಿರ್ಚಿ ತಿಂದು ಮೂರನೆಯದಕ್ಕೆ ಅಪೇಕ್ಷಾಳ ತಟ್ಟೆಗೆ ಕೈ ಹಾಕಿದ್ದಳು. ಇದು ನೆನಪಾದಾಗ ಸಿಟ್ಟು ಎಲ್ಲಿ ಹೋಗಬೇಕೆಂದು ತಿಳಿಯದೆ ಅವಳ ಎದೆಯಲ್ಲೇ ಸುತ್ತಿತು. ಮುಂದಿನ ಸೀಟಿನ ಕಂಬಿಯನ್ನು ಹಿಡಿದ ಕೈ ಇಳಿಯುವಾಗ ಜೋಮು ಹಿಡಿದಿತ್ತು.

ಶಿಬಿರ ನಡೆಯುತ್ತಿದ್ದದ್ದು ಸಮುದಾಯ ಭವನದಲ್ಲಿ. ಒಳಗೆ ಯಂತ್ರದ ಮುಂದೆ ನಾಲ್ಕು ಕುರ್ಚಿ, ನಾಲ್ಕೂ ಖಾಲಿ. ಡಾಕ್ಟರು ಪೇಪರು ಓದುತ್ತಿದ್ದರು. ಹೊರಗೆ ಗೋಡೆಯ ನೆರಳಿನಲ್ಲಿ ಎಂಬತ್ತು ಜನ. ಕೆಮ್ಮು ಒಂದು ಮೂಲೆಯಿಂದ ಹೊರಟು ಇನ್ನೊಂದು ಮೂಲೆಗೆ ಹೋಗಿ ಮುಟ್ಟುತ್ತಿತ್ತು. ಬಾಗಿಲ ಬಳಿ ಲ್ಯಾಪ್‌ಟಾಪು ಇಟ್ಟುಕೊಂಡು ಕೂತ ಆಪರೇಟರ್ ಮಹಾಂತೇಶನನ್ನು ಶ್ರೀಲಕ್ಷ್ಮೀ ಮೇಡಂ ಎಲ್ಲರ ಎದುರಿಗೇ ಗದರಿಸುತ್ತಿದ್ದರು.

"ಮುಂಜಾನಿಂದ ಬರೇ ಒಂಬತ್ತು ಮಂದಿದು ತುಂಬಿರಿ. ಕಂಪನಿಯವರು ಸೈಟು ಸರಿ ಅದ ಅಂತಾರ. ಬರೋದಿಲ್ಲಂದ್ರ ಮೊದಲ ಹೇಳಬೇಕಿತ್ರಿ."

"ಮೇಡಂ, ನಾ ಅಡ್ಡಹೆಸರಿನ ಜಾಗಕ್ಕ ಚುಕ್ಕಿ ಇಟ್ಟು ನೋಡಿದೆ, ಹೆಸರನ್ನ ಎರಡು ಸಲ ಬರದು ನೋಡಿದೆ. ಹೆಸರು ಹತ್ತಿದ್ರ ನಂಬರ್ ಒಲ್ಲೆ ಅಂತೈತಿ, ಆಗಲೇ ಐತಿ ಅಂತ..." ಆತನ ಮುಖ ಬೆವರಿಳಿದು ಒದ್ದೆಯಾಗಿತ್ತು.

"ಅವರ ತಪ್ಪಲ್ಲ ಮೇಡಂ," ಎಂದಳು ಭುವನೇಶ್ವರಿ.

ಶ್ರೀಲಕ್ಷ್ಮೀ ತಿರುಗಿ ನೋಡಿದರು. ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರ ನೋಟ ಅದು. "ಯಾರಮ್ಮ ನೀವು?"

"ಈ ಸೈಟು ಟೆಸ್ಟ್ ಮಾಡಿದಾಕಿ. ಇದು ಹಿಂಗ ಆಗ್ತೈತಂತ ನನಗ ಗೊತ್ತಿತ್ತು."

ಅವಳು ಮಹಾಂತೇಶನ ಮೇಜಿನ ಮೇಲೆಯೇ ತನ್ನ ಲ್ಯಾಪ್‌ಟಾಪು ತೆರೆದಳು. ಆ ಒಂದು ಸಾಲನ್ನು ಮತ್ತೆ ತಿದ್ದಿದಳು, ಹಳೆಯ ಹೆಸರು ಅಳಿಸಿ ಮಂದಿ ಎಂದು ಬರೆದಳು. ಬ್ರೌಸರು ತಾನಾಗಿ ತೆರೆದುಕೊಂಡಿತು. ಯಾರೂ ಮುಟ್ಟದೆ ಹೆಸರಿನ ಮನೆಯಲ್ಲಿ ಒಂದೊಂದೇ ಅಕ್ಷರ ಮೂಡತೊಡಗಿತು. ನೆರಳಿನಲ್ಲಿದ್ದವರು ಎದ್ದು ಬಂದು ಸುತ್ತಲೂ ನಿಂತರು. ಉಚ್ಚೆಂಗಮ್ಮನ ಹೆಗಲು ಹಿಡಿದುಕೊಂಡು ಜಂಬವ್ವನೂ ಬಂದಳು.

"ಏನಂತ ಬರೀತೈತಿ ಅದು?" ಜಂಬವ್ವ ಮಹಾಂತೇಶನನ್ನು ಕೇಳಿದಳು.

"ಜಂಬವ್ವ ಅಂತ ಐತಿ ನೋಡಮ್ಮ."

ಕೆಂಪು ಬಂತು. ಮುಂದಿನ ಹೆಸರು ಹಂಪಕ್ಕ. ಕೆಂಪು. ಮುದುಕಪ್ಪ. ಕೆಂಪು. ಮಹಾಂತೇಶ ಪ್ರತಿ ಹೆಸರನ್ನೂ ಗಟ್ಟಿಯಾಗಿ ಓದುತ್ತಿದ್ದ. ಬೆಳಿಗ್ಗೆಯಿಂದ ತಿಂದ ಬೈಗುಳವನ್ನೆಲ್ಲ ಒಂದೊಂದಾಗಿ ತಿರುಗಿ ಎಣಿಸಿ ಕೊಡುವಂತಿತ್ತು ಅವನ ದನಿ.

"ಗೊತ್ತಿತ್ತಂದ್ರ ಸೈಟು ತೋರಿಸಿದಾಗನ ಯಾಕ ಹೇಳಲಿಲ್ಲ ನಮಗ?" ಶ್ರೀಲಕ್ಷ್ಮೀ ಕೇಳಿದರು. "ಕೆಲಸ ಹೋಗ್ತದಂತ ಹೆದರಿಕಿ ಆತೇನು?"

ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. "ಹೆದರಿಕಿನೂ ಆಗಲಿಲ್ಲ ಮೇಡಂ. ಬದಲಿಸು ಅಂದ್ರು, ಬದಲಿಸಿದೆ." ಆಡುತ್ತ ಆಡುತ್ತ ಅವಳ ದನಿ ಏರಿತು. "ಆದ್ರ ಅಡ್ಡಹೆಸರು ಕಡ್ಡಾಯ ಅಂತ ಬರಕೊಟ್ಟವರು ನೀವು. ಈ ಪಾಳೆಯಾಗ ಯಾರು ಬಂದು ನಿಲ್ತಾರಂತ ನಿಮಗ ಗೊತ್ತಿರಲಿಲ್ಲೇನು? ಒಬ್ಬರನ್ನಾದ್ರೂ ಕರದು ಕೇಳಿದ್ರೇನು, ನಿನ್ನ ಹೆಸರೇನವ್ವಾ ಅಂತ? ಹನ್ನೆರಡು ಹಸಿರು ನೋಡಿ ಚಪ್ಪಾಳೆ ಹೊಡದು ಹೋದ್ರಿ. ನಾವು ಪೇಢೆ ತಿಂದಿವಿ."

ಶ್ರೀಲಕ್ಷ್ಮೀಯವರ ಮುಖ ಕೆಂಪಾಯಿತು. ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿಕೊಂಡರು. ಆಗ ಜಂಬವ್ವ ಮೇಜಿನ ಹತ್ತಿರಕ್ಕೆ ಸರಿದಳು.

"ಭುವನಾ. ಅದರಾಗ ನನ್ನ ಹೆಸರು ಯಾವಾಗ ಬರದಿದ್ದಿ?"

"ಮೂರು ವಾರ ಆತು ದೊಡ್ಡವ್ವ."

"ಅವಾಗನ ಒಲ್ಲೆ ಅಂದಿತ್ತೇನು?"

"ಹ್ಞೂಂ."

"ಮೊನ್ನೆ ಫೋನ್ ಮಾಡಿದ್ನಲ್ಲ ನಿನಗ. ಶಿಬಿರಕ್ಕ ಹೋಗಲೇನು ಅಂದ್ರ ಹೋಗು ದೊಡ್ಡವ್ವ, ಜಲ್ದಿ ಹೋಗಿ ಪಾಳೆ ಹಚ್ಚು ಅಂದಿ."

ಭುವನೇಶ್ವರಿ ಲ್ಯಾಪ್‌ಟಾಪು ಮುಚ್ಚಿದಳು. ಜಂಬವ್ವ ಅವಳನ್ನು ಬೈಯಲಿಲ್ಲ. ಸೆರಗನ್ನು ಎಳೆದು ತಲೆಯ ಮೇಲೆ ಹೊದ್ದುಕೊಂಡು, "ನಡಿಯವ್ವ ಉಚ್ಚೆಂಗಮ್ಮ," ಎಂದಳು. ಗೇಟಿನವರೆಗೆ ಹೋಗುವಷ್ಟರಲ್ಲಿ ಎರಡು ಸಲ ನಿಂತಳು. ಭುವನೇಶ್ವರಿ ಹಿಂದೆ ಓಡಿ ತೋಳು ಹಿಡಿಯಲು ಹೋದರೆ ಆ ತೋಳು ಮೆಲ್ಲಗೆ ಆಚೆ ಸರಿಯಿತು.

"ಕಲ್ಲು ಹೊರುವಾಗ ಮೇಸ್ತ್ರಿನೂ ಹಿಂಗ ಅಂತಿದ್ದ," ಎಂದಳು ಜಂಬವ್ವ, ಉಚ್ಚೆಂಗಮ್ಮನಿಗೆ. "ಧೂಳಿಗೆ ಏನೂ ಆಗಂಗಿಲ್ಲ ಹೋಗ್ರಿ ಅಂತಿದ್ದ."

ಅವರ ಜೊತೆ ಇನ್ನೂ ಮೂವತ್ತು ಜನ ಎದ್ದು ಹೋದರು.

ಉಳಿದವರ ಹೆಸರನ್ನು ಭುವನೇಶ್ವರಿ ಮತ್ತು ಮಹಾಂತೇಶ ಕಾಗದದ ಮೇಲೆ ಬರೆದುಕೊಂಡರು. ಶ್ರೀಲಕ್ಷ್ಮೀಯವರೇ ಚೀಟಿ ಹರಿದು ಸಹಿ ಹಾಕಿ ಕೊಟ್ಟರು. ಸಂಜೆಯವರೆಗೆ ಮೂವತ್ತೆರಡು ಜನ ಯಂತ್ರದ ಮುಂದೆ ಕೂತೆದ್ದರು. ಚೀಟಿ ಇದ್ದರೂ ಕಾರ್ಡು ಬರಬೇಕಾದರೆ ಸೈಟಿನಲ್ಲಿ ಹೆಸರು ಇರಲೇಬೇಕಾಗಿತ್ತು. ಐದರ ಹೊತ್ತಿಗೆ ಅಪೇಕ್ಷಾಳ ಫೋನು ಬಂತು. ಆಫೀಸಿನ ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಿದ್ದಾಳೆಂದು ದನಿಯಲ್ಲೇ ತಿಳಿಯುತ್ತಿತ್ತು.

"ಭುವಿ, ಏನೇನು ಬದಲಿಸಬೇಕು ಹೇಳು."

"ಅಡ್ಡಹೆಸರು ಖಾಲಿ ಬಿಟ್ರೂ ತಗೋಬೇಕು. ತಾರೀಖು ಇಲ್ಲಂದ್ರ ವಯಸ್ಸು ಸಾಕು. ಒಂದು ನಂಬರಿಗೆ ಎಷ್ಟು ಮಂದಿ ಇದ್ರೂ ನಡೀಬೇಕು."

"ಸರ್ ಹೂಂ ಅಂದಾರೇನು?"

"ಇಲ್ಲ."

"ನಾಳೆ ಹತ್ತರೊಳಗ ಹಾಕ್ತೀನಿ," ಎಂದಳು ಅಪೇಕ್ಷಾ.

ಮರುದಿನ ಹತ್ತೂವರೆಗೆ ಭುವನೇಶ್ವರಿ ಅದೇ ಮೇಜಿನ ಮೇಲೆ ಮಂದಿಯನ್ನು ಓಡಿಸಿದಳು. ಐವತ್ತೆಂಟು ಹಸಿರು. ಎರಡು ಕೆಂಪು, ಯಾರದೋ ಊರಿನ ಹೆಸರು ತೀರಾ ಉದ್ದವಾಗಿತ್ತು. ಅದನ್ನೂ ಮಧ್ಯಾಹ್ನದೊಳಗೆ ಅಪೇಕ್ಷಾ ಸರಿ ಮಾಡಿದಳು. ಊಟದ ಹೊತ್ತಿಗೆ ವಿದ್ಯಾಧೀಶನ ಫೋನು.

"ನನಗ ಒಂದು ಮಾತು ಹೇಳಬೇಕಿತ್ತು, ಭುವನಾ. ಟ್ರಸ್ಟಿನವರ ಮುಂದ ಮರ್ಯಾದಿ ಕಳದಿ."

"ಹೇಳಿದ್ದೆ ಸರ್. ಮೂರು ವಾರದ ಹಿಂದ, ನಿಮ್ಮ ಎದುರಿಗೆ."

"ಲ್ಯಾಪ್‌ಟಾಪು ಆಫೀಸಿಂದು. ಶನಿವಾರ ತಂದಿಟ್ಟು ಹೋಗು."

"ಶಿಬಿರ ಮುಗಿದ ಮ್ಯಾಲೆ ತರ್ತೀನಿ."

ಕೆಲಸ ಹೋಯಿತೆಂಬುದು ಅವಳಿಗೆ ಅರ್ಥವಾಗಲು ಊಟದ ಡಬ್ಬಿ ತೊಳೆಯುವಷ್ಟು ಹೊತ್ತು ಹಿಡಿಯಿತು. ಇನ್ನೊಂದು ದಿನ ಆಗಿದ್ದರೆ ಅತ್ತುಬಿಡುತ್ತಿದ್ದಳೇನೋ. ಈಗ ಅದಕ್ಕೂ ಸಿಟ್ಟೇ ಬಂತು. ನಿನ್ನೆ ಎದ್ದು ಹೋದವರ, ಮಹಾಂತೇಶ ಬೆಳಿಗ್ಗೆಯೇ ಬರೆದುಕೊಂಡಿದ್ದ ಪಟ್ಟಿ ಹಿಡಿದು ನಂಬರು ಒತ್ತತೊಡಗಿದಳು. ಕೆಲವು ಬಂದಾಗಿದ್ದವು, ಕೆಲವರು ಬರುವುದಿಲ್ಲ ಅಂದರು. "ಒಮ್ಮೆ ಬಂದು ಸಾಕಾಗೈತಿ, ನಿಮಗ್ಯಾಕ ತ್ರಾಸು ಬಿಡ್ರಿ," ಎಂದು ಮುದುಕನೊಬ್ಬ ವಿನಯದಿಂದ ಅಂದ. ಯಲ್ಲೇಶನ ನಂಬರು ಮಾತ್ರ ಮೊದಲ ಸಲಕ್ಕೇ ಹತ್ತಿತು. ಒಂದು ಫೋನಿಗೆ ಹನ್ನೊಂದು ಹೆಂಗಸರು.

"ಹತ್ತು ಮಂದಿ ಬರ್ತಾರಕ್ಕ, ನನ್ನ ಗಾಡ್ಯಾಗ ಕರ್ಕೊಂಡು ಬರ್ತೀನಿ," ಎಂದ ಯಲ್ಲೇಶ. "ನಿಮ್ಮ ದೊಡ್ಡವ್ವ ಒಲ್ಲೆ ಅಂತಾಳ."

"ನಾ ಅಲ್ಲಿ ಇರಂಗಿಲ್ಲ ಅಂತ ಹೇಳು."

ಸಂಜೆ ಅವನೇ ಮತ್ತೆ ಫೋನು ಮಾಡಿದ. "ಅದೂ ಹೇಳಿದೆ. ಅಕಿ ಇದ್ರೆಷ್ಟು ಬಿಟ್ರೆಷ್ಟು ಅಂದ್ಳು."

ಮೂರನೆಯ ದಿನ, ಶಿಬಿರ ಮುಗಿಯಲು ಒಂದು ತಾಸಿರುವಾಗ ಟಂಟಂ ಬಂದು ಗೇಟಿನೆದುರು ನಿಂತಿತು. ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಕೊನೆಗೆ ಇಳಿದವಳು ಜಂಬವ್ವ. ಅವಳು ನೇರ ಮಹಾಂತೇಶನ ಮೇಜಿಗೆ ಹೋಗಿ, ಭುವನೇಶ್ವರಿ ಪಕ್ಕದಲ್ಲಿ ಕೂತಿದ್ದನ್ನು ಕಾಣದವಳ ಹಾಗೆ ನಿಂತು, "ಜಂಬವ್ವ," ಎಂದಳು. "ಅಷ್ಟ."

ಚೀಟಿ ಸಿಕ್ಕಿತು. ಒಳಗೆ ಯಂತ್ರದ ಹುಡುಗಿ ಸುನಿತಾ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ರಟ್ಟಿನ ಕೊಳವೆ ಕೊಟ್ಟಳು. "ಉಸಿರು ಪೂರಾ ತಗೋಳಮ್ಮ. ಈಗ ಊದು. ಊದು, ಊದು, ಊದು, ಬಿಡಬ್ಯಾಡ..." ಪರದೆಯ ಮೇಲೆ ಒಂದು ಗೆರೆ ಎದ್ದು, ಅರ್ಧಕ್ಕೆ ಬಂದು ಬಾಗಿ, ನೆಲಕ್ಕೆ ಬಿತ್ತು. ಜಂಬವ್ವ ಕುರ್ಚಿಯ ಕೈ ಹಿಡಿದು ಕೆಮ್ಮಿದಳು. ಬಾಗಿಲಲ್ಲಿ ನಿಂತಿದ್ದ ಭುವನೇಶ್ವರಿ ನೀರಿನ ಬಾಟಲಿಯನ್ನು ಮುಂದೆ ಚಾಚಿದಳು. ಜಂಬವ್ವ ಅದನ್ನು ತೆಗೆದುಕೊಳ್ಳಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಸರಿ ಬರಲಿಲ್ಲೇನವ್ವ?" ಸುನಿತಾಳನ್ನು ಕೇಳಿದಳು. "ತಡಿ, ಇನ್ನೊಮ್ಮೆ ಊದ್ತೀನಿ."

ಬಾಟಲಿ ಚಾಚಿದ ಕೈ ಚಾಚಿದಂತೆಯೇ ಇತ್ತು. ಗೆರೆ ಮತ್ತೆ ಮೇಲೇಳತೊಡಗಿತು.